ಅಡಿಕೆಗೆ ಹೋದ ಮಾನ: ಆಫೀಸು ಕಂಪ್ಯೂಟರಿನ ಮದರ್‌ಬೋರ್ಡ್ ನಡೆದು ಬಂದ ದಾರಿ

ಕೆಲವು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳ ಕೊನೆ. ಬೆಳೆ ವಿಮೆ ನೋಂದಣಿಗೆ ಎರಡೇ ದಿನ ಬಾಕಿ. ನಮ್ಮ ಪಕ್ಕದೂರಿನ ಸೇವಾ ಕೇಂದ್ರವೊಂದರ ಮುಂದೆ ಬೆಳಿಗ್ಗೆ ಏಳಕ್ಕೇ ಸರದಿ ಶುರುವಾಗಿತ್ತು. ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಜನ ನಿಂತಿದ್ದರು. ಹನ್ನೊಂದರ ಹೊತ್ತಿಗೆ ಕಂಪ್ಯೂಟರ್ ತಾನಾಗಿಯೇ ಆಫ್ ಆಯಿತು. ಮತ್ತೆ ಆನ್ ಆಗಲಿಲ್ಲ.

ರಿಪೇರಿಯ ಹುಡುಗ ಬಂದು ನೋಡಿ, "ಬೋರ್ಡ್ ಹೋಗಿದೆ" ಎಂದ. ಸರದಿಯಲ್ಲಿದ್ದ ಅಜ್ಜನೊಬ್ಬ, "ಯಾವ ಬೋರ್ಡಪ್ಪಾ? ಕೆಇಬಿಯವರದಾ?" ಎಂದು ಕೇಳಿದ. ಜನ ನಕ್ಕರು. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಹುಡುಗ ಡಬ್ಬದ ಪಕ್ಕದ ತಗಡು ಬಿಚ್ಚಿ ನಮಗೆ ತೋರಿಸಿದ. ಹಸಿರು ಹಲಗೆಯ ಮೇಲೆ ಬೆರಳ ತುದಿಯಷ್ಟು ದಪ್ಪದ ನಾಲ್ಕು ಪುಟ್ಟ ಡಬ್ಬಿಗಳು ನೆತ್ತಿ ಉಬ್ಬಿಸಿಕೊಂಡು ಕೂತಿದ್ದವು. ಒಂದರ ಮೇಲೆ ಕಂದು ಬಣ್ಣದ ಅಂಟು ಒಸರಿ ಒಣಗಿತ್ತು. "ಇವೇ ಅಣ್ಣಾ. ಒಂದಕ್ಕೆ ಎರಡು-ಮೂರು ರೂಪಾಯಿ ಬೀಳುತ್ತೆ ಅಷ್ಟೇ. ಆದರೆ ಸುತ್ತಲಿನದ್ದೂ ಸುಟ್ಟಿದೆ. ಈ ಮಾಡೆಲ್ ಬೋರ್ಡು ಈಗ ಬರೋದೇ ಇಲ್ಲ" ಎಂದ.

ಹಳೆಯ ಬೋರ್ಡೊಂದನ್ನು ಹುಡುಕಿ ಕೂರಿಸುವಾಗ ಮೂರನೆಯ ದಿನವಾಗಿತ್ತು. ಸರದಿಯಲ್ಲಿದ್ದವರಲ್ಲಿ ಕೆಲವರು ತಾಲ್ಲೂಕಿಗೆ ಓಡಿ ಹೇಗೋ ಕಟ್ಟಿ ಬಂದರು. ಬಸ್ಸು ತಪ್ಪಿದವರದ್ದು ತಪ್ಪಿತು.

ಈಚೆಗೆ ಓದುಗರೊಬ್ಬರು ನಮ್ಮನ್ನು ಕೇಳಿದರು: "ನಮ್ಮ ಪತ್ತಿನ ಸಹಕಾರ ಸಂಘಕ್ಕೆ ಮೂರು ಕಂಪ್ಯೂಟರ್ ಬೇಕು. ಕಡಿಮೆ ದುಡ್ಡಿನಲ್ಲಿ ಬಾಳಿಕೆ ಬರುವ ಮದರ್‌ಬೋರ್ಡ್ ಯಾವುದು, ಸ್ವಲ್ಪ ಹೇಳಿ." ಒಂದು ಮಾಡೆಲ್ಲಿನ ಹೆಸರು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇಂದು ಹೇಳಿದ ಹೆಸರು ಎರಡು ವರ್ಷಕ್ಕೆ ಅಂಗಡಿಯಿಂದ ಮಾಯವಾಗುತ್ತದೆ. ಅದಕ್ಕೆ ಬದಲು ಈ ಹಲಗೆ ಅಗ್ಗವಾದದ್ದು ಹೇಗೆ, ಎಲ್ಲೆಲ್ಲಿ ಕೈಕೊಟ್ಟಿತು ಎಂಬುದನ್ನು ತಿಳಿದರೆ, ಯಾವ ಕಾಲದಲ್ಲೂ ನೀವೇ ಆರಿಸಬಹುದು. ಆ ನಾಲ್ಕು ಡಬ್ಬಿಗಳ ಹಿಂದೆ ನಲವತ್ತು ವರ್ಷಕ್ಕೂ ಹೆಚ್ಚಿನ ಕಥೆಯಿದೆ.

ಹಲಗೆಯ ಕೆಲಸವೇನು?

ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದು ಪ್ರೊಸೆಸರ್, ಆ ಹೊತ್ತಿಗೆ ನೆನಪಿಟ್ಟುಕೊಳ್ಳುವುದು ರ‍್ಯಾಮ್, ಕಾಯಂ ಆಗಿ ಕೂಡಿಡುವುದು ಡಿಸ್ಕ್. ಇವೆಲ್ಲ ಬೇರೆ ಬೇರೆ ಮನೆಗಳಿದ್ದ ಹಾಗೆ. ಈ ಮನೆಗಳನ್ನು ಕೂಡಿಸುವ ಬೀದಿ, ನೀರಿನ ಪೈಪು, ಕರೆಂಟಿನ ತಂತಿ ಎಲ್ಲ ಮದರ್‌ಬೋರ್ಡು. ಒಂದು ಮನೆ ಬಿದ್ದರೆ ಆ ಮನೆ ಮಾತ್ರ ಕಟ್ಟಿದರೆ ಸಾಕು. ಬೀದಿಯೇ ಕುಸಿದರೆ ಊರೇ ನಿಲ್ಲುತ್ತದೆ.

ಉಬ್ಬಿದ್ದ ಆ ಡಬ್ಬಿಗಳ ಹೆಸರು ಕೆಪಾಸಿಟರ್. ಅವು ಊರಿನ ಓವರ್‌ಹೆಡ್ ಟ್ಯಾಂಕಿನ ಕೆಲಸ ಮಾಡುತ್ತವೆ. ಮೋಟಾರು ನಿಂತು ನಿಂತು ಓಡಿದರೂ ನಲ್ಲಿಯಲ್ಲಿ ನೀರು ಒಂದೇ ಸಮ ಬರಬೇಕಲ್ಲವೇ? ಹಾಗೆಯೇ 12 ವೋಲ್ಟಿನ ಕರೆಂಟನ್ನು ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿ, ಏರಿಳಿತವಿಲ್ಲದೆ ಪ್ರೊಸೆಸರಿಗೆ ಕೊಡಲು ಈ ಡಬ್ಬಿಗಳು ಬೇಕು. ಟ್ಯಾಂಕು ಸೋರಿದರೆ ಏನಾಗುತ್ತದೆ ಎಂದು ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ.

1981: ನಕ್ಷೆ ಬಯಲಿಗೆ ಬಂತು

ನಾವು ಇಂದು ಬಳಸುವ ಆಫೀಸು ಕಂಪ್ಯೂಟರಿನ ಮೂಲಪುರುಷ ಹುಟ್ಟಿದ್ದು ಅಮೆರಿಕದಲ್ಲಿ. 1981ರ ಆಗಸ್ಟ್ 12ರಂದು ಐಬಿಎಂ ಕಂಪನಿ 'ಐಬಿಎಂ ಪಿಸಿ' ಎಂಬ ಯಂತ್ರವನ್ನು ಹೊರತಂದಿತು. ಕನಿಷ್ಠ ಬೆಲೆ 1,565 ಡಾಲರ್. ಫ್ಲೋರಿಡಾದ ಬೋಕಾ ರೇಟನ್‌ನಲ್ಲಿ ಡಾನ್ ಎಸ್ಟ್ರಿಜ್ ಮುಂದಾಳತ್ವದ ಸಣ್ಣ ತಂಡವೊಂದು ಸುಮಾರು ಒಂದೇ ವರ್ಷದಲ್ಲಿ ಅದನ್ನು ಸಿದ್ಧಪಡಿಸಿತ್ತು.

ಅವಸರವಿದ್ದುದರಿಂದ ಆ ತಂಡ ಎಲ್ಲವನ್ನೂ ತಾನೇ ತಯಾರಿಸಲು ಹೋಗಲಿಲ್ಲ. ಪ್ರೊಸೆಸರನ್ನು ಇಂಟೆಲ್‌ನಿಂದ ತಂದಿತು. ಸಾಫ್ಟ್‌ವೇರನ್ನು ಮೈಕ್ರೋಸಾಫ್ಟ್‌ನಿಂದ ತಂದಿತು. ಉಳಿದ ಬಿಡಿಭಾಗಗಳಲ್ಲಿ ಹೆಚ್ಚಿನವು ಪೇಟೆಯಲ್ಲಿ ಸಿಗುವಂಥವೇ. ಹಲಗೆಯ ಮೇಲೆ ಐದು ಖಾಲಿ ಸ್ಲಾಟುಗಳಿದ್ದವು. ಬೇಕಾದವರು ಬೇಕಾದ ಕಾರ್ಡು ಮಾಡಿ ಅದರಲ್ಲಿ ಸಿಕ್ಕಿಸಬಹುದಿತ್ತು. ಇದಕ್ಕೆ ಅನುಕೂಲವಾಗಲಿ ಎಂದು ಐಬಿಎಂ ತನ್ನ ಹಲಗೆಯ ಪೂರ್ತಿ ನಕ್ಷೆಯನ್ನೇ ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರಿತು.

ನಕ್ಷೆ ಸಿಕ್ಕರೂ ಒಂದು ಬೀಗ ಉಳಿದಿತ್ತು. ಸ್ವಿಚ್ ಒತ್ತಿದ ಕೂಡಲೇ ಹಲಗೆಯನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಒಂದಿದೆ. ಅದೇ ಬಯೋಸ್. ಅದರ ಹಕ್ಕು ಐಬಿಎಂನದು, ನಕಲು ಮಾಡಿದರೆ ಕೋರ್ಟು. 1982ರಲ್ಲಿ ಶುರುವಾದ ಕಾಂಪ್ಯಾಕ್ ಎಂಬ ಕಂಪನಿ ಇದಕ್ಕೊಂದು ದಾರಿ ಹುಡುಕಿತು. ಒಂದು ತಂಡ ಐಬಿಎಂ ಬಯೋಸ್ ಏನೇನು ಕೆಲಸ ಮಾಡುತ್ತದೆ ಎಂದು ನೋಡಿ ಪಟ್ಟಿ ಬರೆಯಿತು. ಐಬಿಎಂನ ಮೂಲವನ್ನು ಕಣ್ಣಿನಿಂದಲೂ ನೋಡಿರದ ಇನ್ನೊಂದು ತಂಡ ಆ ಪಟ್ಟಿ ಹಿಡಿದು ಹೊಸದಾಗಿ ಬರೆಯಿತು. ಒಬ್ಬರು ಸಾರಿನ ರುಚಿ ಹೇಳುವುದು, ಅಡುಗೆಮನೆ ಇಣುಕದ ಇನ್ನೊಬ್ಬರು ಅದೇ ರುಚಿಯ ಸಾರು ಮಾಡುವುದು, ಹಾಗೆ. ಕಳ್ಳತನದ ಮಾತೇ ಇಲ್ಲ. 1983ರಲ್ಲಿ ಕಾಂಪ್ಯಾಕ್ ಸುಮಾರು 53,000 ಯಂತ್ರ ಮಾರಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ದಾರಿಯಲ್ಲಿ ಬಯೋಸ್ ಬರೆದು, ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಬೀಗ ಮುರಿಯಿತು. ದುಡ್ಡು, ಕಸುಬು ಇದ್ದ ಯಾರು ಬೇಕಾದರೂ ಮದರ್‌ಬೋರ್ಡ್ ಮಾಡಬಹುದಾಯಿತು.

ಐಬಿಎಂಗೆ ತನ್ನ ತಪ್ಪು ಅರಿವಾದದ್ದು ತಡವಾಗಿ. 1987ರಲ್ಲಿ ಅದು ಪಿಎಸ್/2 ಎಂಬ ಹೊಸ ಸಾಲಿನ ಯಂತ್ರ ತಂದು, ಅದರ ಸ್ಲಾಟುಗಳನ್ನು ಬಳಸಲು ಲೈಸೆನ್ಸ್ ಶುಲ್ಕ ಕೇಳಿತು. ಉಳಿದವರು ಒಪ್ಪಲಿಲ್ಲ. ಒಂಬತ್ತು ಕಂಪನಿಗಳು ಒಟ್ಟಾಗಿ 1988ರಲ್ಲಿ ತಮ್ಮದೇ ಬೇರೆ ನಮೂನೆ ಘೋಷಿಸಿದವು. ಕೊನೆಗೆ ಗೆದ್ದದ್ದು ಎಲ್ಲರಿಗೂ ತೆರೆದಿದ್ದ ದಾರಿಯೇ.

ಇಲ್ಲೊಂದು ಪಾಠವಿದೆ. ಎಲ್ಲರೂ ಒಪ್ಪಿದ ಅಳತೆಯ ಬೋರ್ಡು ಕೆಟ್ಟರೆ ಎಲ್ಲಿ ಬೇಕಾದರೂ ಬದಲಿ ಸಿಗುತ್ತದೆ. ಒಂದೇ ಕಂಪನಿಯ ಸ್ವಂತ ಅಳತೆಯದ್ದಾದರೆ ಆ ಕಂಪನಿಯ ಬಾಗಿಲನ್ನೇ ತಟ್ಟಬೇಕು.

ತೈವಾನಿನ ಹುಡುಗರು

ಈ ತೆರೆದ ದಾರಿಯಲ್ಲಿ ಎಲ್ಲರಿಗಿಂತ ವೇಗವಾಗಿ ನಡೆದದ್ದು ತೈವಾನ್. ವಿಸ್ತೀರ್ಣದಲ್ಲಿ ಕರ್ನಾಟಕದ ಐದನೆಯ ಒಂದು ಪಾಲಿನಷ್ಟೂ ಇಲ್ಲದ ದ್ವೀಪ ಅದು. 1980ರಲ್ಲಿ ಅಲ್ಲಿನ ಸರ್ಕಾರ ಶಿಂಚು ಎಂಬಲ್ಲಿ ವಿಜ್ಞಾನ ಪಾರ್ಕ್ ತೆರೆಯಿತು. 1976ರಲ್ಲಿ ಸ್ಟ್ಯಾನ್ ಶಿ ಮತ್ತು ಗೆಳೆಯರು ಕಟ್ಟಿದ್ದ ಕಂಪನಿ ಮುಂದೆ ಏಸರ್ ಆಯಿತು. 1986ರಲ್ಲಿ ಗಿಗಾಬೈಟ್ ಮತ್ತು ಎಂಎಸ್‌ಐ ಹುಟ್ಟಿದವು. 1989ರಲ್ಲಿ ಏಸರ್ ಬಿಟ್ಟು ಬಂದ ನಾಲ್ವರು ಎಂಜಿನಿಯರುಗಳು ಏಸಸ್ ಕಟ್ಟಿದರು. ಅದರ ಕವಲಾಗಿ 2002ರಲ್ಲಿ ಏಸ್‌ರಾಕ್ ಬಂತು. ಇಂದು ಅಂಗಡಿಯಲ್ಲಿ ನೀವು ಕೇಳುವ ಬೋರ್ಡುಗಳ ಮುಖ್ಯ ಹೆಸರುಗಳೆಲ್ಲ ಆ ದ್ವೀಪದವೇ.

ಜಗತ್ತು ಆ ದ್ವೀಪವನ್ನು ಎಷ್ಟು ನಂಬಿಕೊಂಡಿತ್ತು ಎಂಬುದು ತಿಳಿದದ್ದು 1999ರ ಸೆಪ್ಟೆಂಬರ್ 21ರ ಭೂಕಂಪದಲ್ಲಿ. 2,400ಕ್ಕೂ ಹೆಚ್ಚು ಜನ ತೀರಿಕೊಂಡರು. ಕರೆಂಟು ಹೋಗಿ ಶಿಂಚುವಿನ ಕಾರ್ಖಾನೆಗಳು ದಿನಗಟ್ಟಲೆ ನಿಂತವು. ಜಗತ್ತಿನೆಲ್ಲೆಡೆ ರ‍್ಯಾಮ್ ಬೆಲೆ ಏರಿತು.

ಹಲಗೆಯೂ ಈ ಅವಧಿಯಲ್ಲಿ ಬದಲಾಯಿತು. ಮೊದಲೆಲ್ಲ ಒಂದೊಂದು ಕೆಲಸಕ್ಕೆ ಒಂದೊಂದು ಚಿಪ್ ಇರುತ್ತಿತ್ತು. 1980ರ ದಶಕದ ಮಧ್ಯದಿಂದ ಹತ್ತಾರು ಚಿಪ್‌ಗಳ ಕೆಲಸವನ್ನು ನಾಲ್ಕಾರು ಚಿಪ್‌ಗಳಿಗೆ ಇಳಿಸುವ 'ಚಿಪ್‌ಸೆಟ್' ಬಂತು. ಚಿಪ್ ಕಡಿಮೆಯಾದಂತೆ ಬೆಸುಗೆ ಕಡಿಮೆ, ಬೆಲೆ ಕಡಿಮೆ, ಕೆಡುವ ಜಾಗವೂ ಕಡಿಮೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಿತು. ಅದಕ್ಕೂ ಮುಂಚೆ ಹಲಗೆಗೆ ಕರೆಂಟು ಕೊಡುವ ಪ್ಲಗ್ಗುಗಳು ಎರಡಿದ್ದವು. ಅದಲು ಬದಲಾಗಿ ಸಿಕ್ಕಿಸಿದರೆ ಬೋರ್ಡು ಸುಡುತ್ತಿತ್ತು. "ಕರಿ ತಂತಿ ಕರಿ ತಂತಿ ಪಕ್ಕದಲ್ಲಿ ಇರಬೇಕು" ಎಂಬುದು ಆ ಕಾಲದ ಮೆಕ್ಯಾನಿಕ್ಕುಗಳ ಮಂತ್ರ. ಎಟಿಎಕ್ಸ್‌ನಲ್ಲಿ ಒಂದೇ ಪ್ಲಗ್ಗು, ತಿರುವುಮುರುವಾಗಿ ಕೂರುವುದೇ ಇಲ್ಲ. 1997ರಲ್ಲಿ ಅದರ ತಮ್ಮನಾಗಿ 24.4 ಸೆಂಟಿಮೀಟರ್ ಚೌಕದ ಮೈಕ್ರೋ-ಎಟಿಎಕ್ಸ್ ಬಂತು. ಇಂದಿಗೂ ಹೆಚ್ಚಿನ ಆಫೀಸು ಡಬ್ಬಗಳು ಇದೇ ನಮೂನೆಯವು.

1999ರಲ್ಲಿ ಬಂದ ಇಂಟೆಲ್ 810 ಚಿಪ್‌ಸೆಟ್ಟಿನಿಂದ ಇನ್ನೊಂದು ಖರ್ಚು ಉಳಿಯಿತು. ಪರದೆಗೆ ಚಿತ್ರ ಕಳಿಸುವ ಕೆಲಸವನ್ನು ಅದು ತಾನೇ ಮಾಡಿತು. ಬೇರೆ ಡಿಸ್‌ಪ್ಲೇ ಕಾರ್ಡು ಬೇಡವಾಯಿತು. ಪತ್ರ ಟೈಪು ಮಾಡಲು, ಲೆಕ್ಕ ಬರೆಯಲು ಬೇಕಾದದ್ದೆಲ್ಲ ಒಂದೇ ಹಲಗೆಯ ಮೇಲೆ ಬಂದು ಕೂತಿತು.

ಎಸ್.ಪಿ. ರಸ್ತೆಯಿಂದ ತಾಲ್ಲೂಕಿಗೆ

ನಮ್ಮ ದೇಶದಲ್ಲಿ ಬಹುಕಾಲ ಕಂಪ್ಯೂಟರ್ ಎಂದರೆ ಲೈಸೆನ್ಸು, ಸುಂಕದ ಸಾಮಾನು. 1984ರ ಕೊನೆಯಲ್ಲಿ ಬಂದ ಹೊಸ ಕಂಪ್ಯೂಟರ್ ನೀತಿ ಬಾಗಿಲು ಸ್ವಲ್ಪ ತೆರೆಯಿತು. 1991ರ ಉದಾರೀಕರಣ ಇನ್ನಷ್ಟು ತೆರೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಕಂಪ್ಯೂಟರ್ ಸಾಮಾನಿನ ಆಮದು ಸುಂಕ ಹಂತ ಹಂತವಾಗಿ ಇಳಿದು, 2005ರ ಹೊತ್ತಿಗೆ ಸೊನ್ನೆಗೆ ಬಂತು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆ, ಈ ಸಾಮಾನಿನ ಸಂತೆಯಾಯಿತು. ಜಿಲ್ಲಾ ಕೇಂದ್ರದ, ತಾಲ್ಲೂಕಿನ ಅಂಗಡಿಯವರು ರಾತ್ರಿ ಬಸ್ಸಿಗೆ ಹೋಗಿ, ಬೋರ್ಡು, ರ‍್ಯಾಮು, ಕ್ಯಾಬಿನೆಟ್ಟು ಬೇರೆ ಬೇರೆ ಕೊಂಡು, ಊರಿಗೆ ತಂದು ಜೋಡಿಸಿ ಮಾರತೊಡಗಿದರು. 'ಅಸೆಂಬಲ್ಡ್' ಎಂಬ ಪದ ಹಳ್ಳಿಗೆ ಬಂದದ್ದು ಹೀಗೆ. 1981ರಲ್ಲಿ ಐಬಿಎಂ ನಕ್ಷೆ ಮುಚ್ಚಿಟ್ಟಿದ್ದರೆ ಈ ಅಂಗಡಿಗಳು ಇರುತ್ತಿರಲಿಲ್ಲ.

ಕಂಪ್ಯೂಟರು ಅಗ್ಗವಾದ ಅದೇ ಕಾಲದಲ್ಲಿ ಕರ್ನಾಟಕದ ಕಂದಾಯ ಇಲಾಖೆಯ 'ಭೂಮಿ' ಯೋಜನೆ ಬಂತು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷದಷ್ಟು ರೈತರ ಸುಮಾರು 2 ಕೋಟಿ ಪಹಣಿಗಳು 2000ದ ದಶಕದ ಆರಂಭಕ್ಕೆ ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಏನು ಟೈಪಾಗುತ್ತಿದೆ ಎಂದು ರೈತನಿಗೂ ಕಾಣಲಿ ಎಂದು ಅವನ ಕಡೆಗೊಂದು ಪರದೆ ಇಟ್ಟಿದ್ದರು. ಆಮೇಲೆ ನಾಡಕಚೇರಿ, ಪಂಚಾಯಿತಿ, ಹಾಲಿನ ಡೇರಿ, ಪತ್ತಿನ ಸಂಘ, ಗ್ರಾಮ ಒನ್, ಹೀಗೆ ಒಂದೊಂದೇ ಕಡೆ ಪುಸ್ತಕ ಹೋಗಿ ಕಂಪ್ಯೂಟರ್ ಬಂತು.

ಇದರಿಂದ ಆದ ಒಳ್ಳೆಯದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಒಂದು ಮಾತು ಗಮನಿಸಬೇಕು. ಮೊದಲು ಪುಸ್ತಕ ತುಂಬಿದರೆ ಇನ್ನೊಂದು ಪುಸ್ತಕ ತೆಗೆದು ಬರೆಯಬಹುದಿತ್ತು. ಈಗ ಹಲಗೆ ಸುಟ್ಟರೆ ಬರೆಯುವ ಜಾಗವೇ ಇಲ್ಲ. ಆ ಆಫೀಸನ್ನು ನಂಬಿದ ನೂರಾರು ಮನೆಯವರ ಕೆಲಸ ಒಂದು ಹಲಗೆಯ ಮೇಲೆ ನಿಂತಿದೆ.

ಡಬ್ಬಿ ಉಬ್ಬಿದ ವರ್ಷಗಳು

ಅಗ್ಗದ ಓಟದಲ್ಲಿ ದೊಡ್ಡ ಎಡವಟ್ಟು ನಡೆದದ್ದು ಇದೇ ಹೊತ್ತಿನಲ್ಲಿ. 2000ದ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನ ನಾನಾ ಕಡೆ ಮದರ್‌ಬೋರ್ಡುಗಳು ವರ್ಷ, ಎರಡು ವರ್ಷಕ್ಕೇ ಸಾಯತೊಡಗಿದವು. ಬಿಚ್ಚಿ ನೋಡಿದರೆ ಎಲ್ಲೆಡೆ ಒಂದೇ ನೋಟ: ಉಬ್ಬಿದ, ಒಸರುವ ಕೆಪಾಸಿಟರ್‌ಗಳು. ಇದನ್ನು 'ಕೆಪಾಸಿಟರ್ ಪ್ಲೇಗ್' ಎಂದೇ ಕರೆದರು.

ಕೆಪಾಸಿಟರ್ ಒಳಗೆ ಅಲ್ಯೂಮಿನಿಯಂ ಹಾಳೆಯ ಸುರುಳಿ ಇರುತ್ತದೆ. ಅದನ್ನು ಒಂದು ದ್ರವದಲ್ಲಿ ನೆನೆಸಿರುತ್ತಾರೆ. ಆ ದ್ರವದಲ್ಲಿ ನೀರಿನಂಶವಿದೆ. ನೀರು ಮತ್ತು ಅಲ್ಯೂಮಿನಿಯಂ ಕೂಡಿದರೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಹಾಗಾಗದಂತೆ ತಡೆಯಲು ದ್ರವಕ್ಕೆ ಬೇರೆ ಪದಾರ್ಥ ಬೆರೆಸಬೇಕು. ಆ ಪದಾರ್ಥ ಬಿಟ್ಟುಹೋದರೆ ಅನಿಲ ತುಂಬಿ ಡಬ್ಬಿ ಉಬ್ಬುತ್ತದೆ. ನೆತ್ತಿಯ ಮೇಲೆ ಮೊದಲೇ ಗೀರು ಹಾಕಿಟ್ಟ ಜಾಗದಲ್ಲಿ ಬಿರಿಯುತ್ತದೆ. ಜಪಾನಿನ ಕಂಪನಿಯೊಂದರ ದ್ರವದ ಸೂತ್ರ ಕೈಯಿಂದ ಕೈಗೆ ಕದ್ದು ಹೋಗಿ, ಕದ್ದವರಿಗೆ ಅರ್ಧ ಮಾತ್ರ ದಕ್ಕಿತ್ತು ಎಂದು ಆಗಿನ ಪತ್ರಿಕೆಗಳಲ್ಲಿ ವರದಿಯಾಯಿತು. ಅರ್ಧ ಕಲಿತ ಅಡುಗೆಯಿಂದ ಮಾಡಿದ ಡಬ್ಬಿಗಳು ಅಗ್ಗವೆಂದು ಎಷ್ಟೋ ಹಲಗೆಗಳ ಮೇಲೆ ಬಂದು ಕೂತಿದ್ದವು.

ದೊಡ್ಡ ಹೆಸರಿನವರೂ ಈ ಕಾಲದಲ್ಲಿ ಕೆಪಾಸಿಟರ್ ಕಾಟದಿಂದ ಪಾರಾಗಲಿಲ್ಲ. ಡೆಲ್ ಕಂಪನಿ 2003ರ ಮೇಯಿಂದ 2005ರ ಜುಲೈವರೆಗೆ ಕಳಿಸಿದ 1 ಕೋಟಿ 18 ಲಕ್ಷದಷ್ಟು ಆಪ್ಟಿಪ್ಲೆಕ್ಸ್ ಆಫೀಸು ಕಂಪ್ಯೂಟರುಗಳು ಕೆಟ್ಟ ಕೆಪಾಸಿಟರ್‌ಗಳ ಅಪಾಯಕ್ಕೆ ಸಿಕ್ಕವು. ಆ ಡಬ್ಬಿಗಳು ಕದ್ದ ಸೂತ್ರದವಲ್ಲ, ಹೆಸರಾಂತ ಜಪಾನಿ ಕಂಪನಿಯವು. ಕಾರಣ ಬೇರೆ, ಫಲ ಒಂದೇ. ಡೆಲ್ ಇದಕ್ಕೆಂದು 2005ರಲ್ಲಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ನಮ್ಮನ್ನು ಹೆಚ್ಚು ತಟ್ಟಿದ್ದು ಆ ಪ್ರಕರಣದ ಇನ್ನೊಂದು ಸಂಗತಿ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಈ ಯಂತ್ರಗಳು ಕೆಟ್ಟಾಗ ಕಂಪನಿಯ ಕಡೆಯಿಂದ ಬಂದ ವಿವರಣೆ ಏನು ಗೊತ್ತೇ? ನೀವು ಕಷ್ಟದ ಲೆಕ್ಕಗಳನ್ನು ಮಾಡಿಸಿ ಯಂತ್ರಕ್ಕೆ ಅತಿಯಾದ ಕೆಲಸ ಕೊಟ್ಟಿದ್ದೀರಿ ಎಂದು! ಗಣಿತದವರು ಕಂಪ್ಯೂಟರಿನಲ್ಲಿ ಲೆಕ್ಕವಲ್ಲದೆ ಇನ್ನೇನು ಮಾಡಬೇಕಿತ್ತು? ಕಂಪನಿಗೆ ಒಳಗೊಳಗೇ ವಿಷಯ ಗೊತ್ತಿತ್ತು ಎಂದು ತೋರಿಸುವ ಕಾಗದಗಳು ಮೊಕದ್ದಮೆಯೊಂದರಲ್ಲಿ 2010ರಲ್ಲಿ ಬೆಳಕಿಗೆ ಬಂದವು.

ಇದನ್ನು ಓದಿದಾಗ ನಮ್ಮೂರ ಮಾತುಗಳೇ ಕಿವಿಯಲ್ಲಿ ಕೇಳಿದವು. "ನಿಮ್ಮ ವೋಲ್ಟೇಜ್ ಸರಿಯಿಲ್ಲ", "ಧೂಳು ಜಾಸ್ತಿ", "ನಿಮ್ಮ ಹುಡುಗಿಗೆ ಕಂಪ್ಯೂಟರ್ ಆಪರೇಟ್ ಮಾಡೋಕೆ ಬರಲ್ಲ". ನಮ್ಮ ಕಡೆ ವೋಲ್ಟೇಜು ಹೊಯ್ದಾಡುವುದು ನಿಜ. ಧೂಳೂ ನಿಜ. ಆದರೆ ಪ್ರತಿ ಸಲ ತಪ್ಪು ಬಳಸಿದವರದ್ದೇ ಆಗಿರಬೇಕಿಲ್ಲ. ಆ ಸೇವಾ ಕೇಂದ್ರದಲ್ಲಿ ಕೂರುತ್ತಿದ್ದ ಅಕ್ಕ ಆವತ್ತು ಸರದಿಯವರ ಬೈಗುಳವನ್ನೆಲ್ಲ ತಾನೇ ಹೊತ್ತಳು. ಹಲಗೆಯ ಮೇಲೆ ಯಾವ ಡಬ್ಬಿ ಕೂರಬೇಕೆಂದು ತೀರ್ಮಾನಿಸಿದವರು ಅವಳ ಕಣ್ಣಿಗೆ ಬೀಳುವವರಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮದರ್‌ಬೋರ್ಡಿನ ಚರಿತ್ರೆಗೆ ಈ ಗಾದೆ ಅಕ್ಷರಶಃ ಒಪ್ಪುತ್ತದೆ. ಒಂದೆರಡು ರೂಪಾಯಿ ಉಳಿಸಲು ಹೋದ ಕಡೆಯೇ ಕೋಟಿಗಟ್ಟಲೆ ಕಳೆಯಿತು.

ಒಳ್ಳೆಯದೂ ಆಯಿತು. ಈ ಪೆಟ್ಟಿನ ನಂತರ ದ್ರವವಿಲ್ಲದ, ಗಟ್ಟಿ ಪಾಲಿಮರ್ ತುಂಬಿದ ಕೆಪಾಸಿಟರ್‌ಗಳು ಹಲಗೆಗೆ ಬಂದವು. ಮೊದಲು ದುಬಾರಿ ಬೋರ್ಡುಗಳಲ್ಲಿ ಮಾತ್ರವಿದ್ದು, ಬರಬರುತ್ತಾ ಅಗ್ಗದವುಗಳಿಗೂ ಇಳಿದವು.

ತಪ್ಪೊಪ್ಪಿಕೊಂಡವರು, ಅಂಗಡಿ ಮುಚ್ಚಿದವರು

2011ರ ಜನವರಿ 31ರಂದು ಇಂಟೆಲ್ ಒಂದು ಪ್ರಕಟಣೆ ಕೊಟ್ಟಿತು. ತನ್ನ ಹೊಸ 6 ಸರಣಿಯ ಚಿಪ್‌ಸೆಟ್ಟಿನಲ್ಲಿ ದೋಷವಿದೆ, ಡಿಸ್ಕ್ ಸಿಕ್ಕಿಸುವ ಕೆಲವು ಪೋರ್ಟುಗಳು ಕಾಲಕ್ರಮದಲ್ಲಿ ದುರ್ಬಲವಾಗಬಹುದು ಎಂದು. ಸಾಗಣೆ ನಿಲ್ಲಿಸಿ, ಬದಲಾಯಿಸಿ ಕೊಡಲು ಸುಮಾರು 70 ಕೋಟಿ ಡಾಲರ್ ಖರ್ಚೆಂದು ಅದೇ ಲೆಕ್ಕ ಕೊಟ್ಟಿತು. ದೋಷ ಎಲ್ಲರಲ್ಲೂ ಬರುತ್ತದೆ. ಬಂದಾಗ ಒಪ್ಪಿಕೊಂಡು ಬದಲಾಯಿಸುವವರು ಯಾರು ಎಂಬುದನ್ನೇ ಕೊಳ್ಳುವವರು ನೋಡಬೇಕು.

ಇನ್ನು ನಮ್ಮ ಅಂಗಡಿಗಳಲ್ಲಿ 'ಇಂಟೆಲ್ ಒರಿಜಿನಲ್' ಎಂದು ಹೆಸರಾಗಿದ್ದ ಬೋರ್ಡುಗಳಿದ್ದವು. ಅವನ್ನು ಇಂಟೆಲ್ ತನ್ನ ಹೆಸರಿನಲ್ಲೇ ಮಾರುತ್ತಿತ್ತು. 2013ರ ಜನವರಿಯಲ್ಲಿ ಡೆಸ್ಕ್‌ಟಾಪ್ ಬೋರ್ಡಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅದು ಹೇಳಿತು. ಇಷ್ಟು ವರ್ಷವಾದರೂ ಕೆಲವು ಕೌಂಟರುಗಳಲ್ಲಿ "ಇಂಟೆಲ್ ಬೋರ್ಡು ಸಾರ್" ಎಂಬ ಮಾತು ನಿಂತಿಲ್ಲ. ಅಲ್ಲಿ ಇಂಟೆಲ್‌ನದ್ದು ಚಿಪ್‌ಸೆಟ್ ಮಾತ್ರ. ಹಲಗೆ ಮಾಡಿದವರು ಬೇರೆ, ವಾರಂಟಿ ಕೊಡಬೇಕಾದವರೂ ಬೇರೆ.

ಈಗ ಕೊಳ್ಳುವವರಿಗೆ

ಇಷ್ಟು ದಾರಿ ನಡೆದು ಬಂದ ಮೇಲೆ ಸಂಘದ ಆ ಓದುಗರಿಗೆ ನಾವು ಹೇಳುವುದು ಇಷ್ಟು.

ಮೊದಲನೆಯದು, ಹಳೆಯ ತಲೆಮಾರಿನ 'ಹೊಸ' ಬೋರ್ಡು ಬೇಡ. ಎಚ್61, ಎಚ್81ರಂಥ ಹತ್ತು ವರ್ಷಕ್ಕೂ ಹಿಂದಿನ ಚಿಪ್‌ಸೆಟ್ಟಿನ ಹಲಗೆಗಳು ಈಗಲೂ ಹೊಸ ಡಬ್ಬದಲ್ಲಿ ಬರುತ್ತವೆ. ಬೆಲೆ ನೋಡಿದರೆ ಆಸೆಯಾಗುತ್ತದೆ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆ ಮತ್ತು ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಆ ಹಲಗೆಗಳು ಇಲ್ಲಿಗೆ ಮುಟ್ಟುವುದಿಲ್ಲ. ಜನರ ಹಣದ ಲೆಕ್ಕ ಇಡುವ ಕಡೆ ಇದು ಸಣ್ಣ ವಿಷಯವಲ್ಲ.

ಎರಡನೆಯದು, ಮೇಲಿನ ದರ್ಜೆಯದ್ದೂ ಬೇಡ. ಟೈಪಿಂಗ್, ಲೆಕ್ಕ, ಆನ್‌ಲೈನ್ ಅರ್ಜಿಗೆ ಕೆಳಗಿನ ದರ್ಜೆಯ, ಹೆಚ್ಚು ಓಡುವ ಚಿಪ್‌ಸೆಟ್ ಸಾಕು. ಇಂಟೆಲ್‌ನ 12ರಿಂದ 14ನೆಯ ತಲೆಮಾರಿಗೆ ಎಚ್610, ಎಎಂಡಿಯ ಎಎಂ4 ಸಾಕೆಟ್ಟಿಗೆ ಎ520 ಇಂಥವು. ಹೆಚ್ಚು ಮಾರಾಟವಾದದ್ದಕ್ಕೆ ಬದಲಿ ಸುಲಭವಾಗಿ ಸಿಗುತ್ತದೆ. ಮೈಕ್ರೋ-ಎಟಿಎಕ್ಸ್ ಅಳತೆಯದ್ದೇ ಇರಲಿ.

ಮೂರನೆಯದು, ಪ್ರೊಸೆಸರಿನ ಬಾಲದ ಅಕ್ಷರ ನೋಡಿ. ಇಂಟೆಲ್ ಪ್ರೊಸೆಸರಿನ ಹೆಸರು 'ಎಫ್' ಎಂದು ಮುಗಿದರೆ ಅದಕ್ಕೆ ಪರದೆ ತೋರಿಸುವ ಶಕ್ತಿಯಿಲ್ಲ, ಬೇರೆ ಕಾರ್ಡು ಕೊಳ್ಳಬೇಕಾಗುತ್ತದೆ. ಎಎಂ4ನಲ್ಲಾದರೆ 'ಜಿ' ಇರುವುದನ್ನು ಕೇಳಿ.

ನಾಲ್ಕನೆಯದು, ಬೆನ್ನು ನೋಡಿ. ಹಳೆಯ ಮಾನಿಟರ್ ಇದ್ದರೆ ವಿಜಿಎ ಪೋರ್ಟ್ ಬೇಕು. ಹಾಲಿನ ಡೇರಿಯಲ್ಲಿ ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರಗಳಲ್ಲಿ ಅನೇಕವು ಈಗಲೂ ಒಂಬತ್ತು ಸೂಜಿಯ ಹಳೆಯ ಕಾಮ್ ಪೋರ್ಟಿನಲ್ಲೇ ಮಾತಾಡುತ್ತವೆ. ಬೋರ್ಡಿನಲ್ಲಿ ಅದಕ್ಕೆ ಜಾಗವಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಐದನೆಯದು, ಡಬ್ಬಿಗಳನ್ನು ನೋಡಿ. ಪ್ರೊಸೆಸರಿನ ಸುತ್ತ ಪ್ಲಾಸ್ಟಿಕ್ ಕವಚ ಸುತ್ತಿದ, ನೆತ್ತಿಯಲ್ಲಿ ಗೀರಿರುವ ಡಬ್ಬಿಗಳಿದ್ದರೆ ಅವು ದ್ರವದವು. ಕವಚವಿಲ್ಲದ, ನೆತ್ತಿ ಸಪಾಟಾಗಿರುವ ಲೋಹದ ಡಬ್ಬಿಗಳು ಸಾಮಾನ್ಯವಾಗಿ ಗಟ್ಟಿ ಪಾಲಿಮರಿನವು. ಬಿಸಿಲೂರಿನ ತಗಡಿನ ಕೋಣೆಗೆ ಎರಡನೆಯದೇ ಸರಿ.

ಆರನೆಯದು, ಕಾಗದ. ಜಿಎಸ್‌ಟಿ ಬಿಲ್ಲಿನಲ್ಲಿ ಬೋರ್ಡಿನ ಸೀರಿಯಲ್ ನಂಬರು ಬರೆಸಿ. ವಾರಂಟಿ ಮೂರು ವರ್ಷದ್ದೇ ಎಂದೂ, ಅದನ್ನು ನಡೆಸಿಕೊಡುವ ಜಾಗ ನಿಮ್ಮ ಜಿಲ್ಲೆಯಿಂದ ಎಷ್ಟು ದೂರ ಎಂದೂ ಕೇಳಿ. ಇಂಟೆಲ್ ಸಾಕೆಟ್ಟಿನಲ್ಲಿ ಕೂದಲೆಳೆಯಷ್ಟು ಸೂಜಿಗಳು ಹಲಗೆಯ ಮೇಲೇ ಇರುತ್ತವೆ. ಬಾಗಿದ ಸೂಜಿಗೆ ವಾರಂಟಿ ಇಲ್ಲ. ಅದರ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ. ಬೋರ್ಡು ವಾಪಸು ಕಳಿಸುವಾಗ ಅದನ್ನು ಹಾಕಿಯೇ ಕಳಿಸಬೇಕು.

ಕೊನೆಯದಾಗಿ, ಬೋರ್ಡಿಗೆ ದುಡ್ಡು ಹಾಕಿ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್‌ಗೆ ಅದನ್ನು ಒಪ್ಪಿಸಬೇಡಿ. ಕೆಟ್ಟ ಎಸ್‌ಎಂಪಿಎಸ್ ಒಳ್ಳೆಯ ಬೋರ್ಡನ್ನು ಕೊಲ್ಲುತ್ತದೆ. ಅರ್ಥಿಂಗ್ ಸರಿ ಮಾಡಿಸಿ, ಯುಪಿಎಸ್ ಇಡಿ. ಕಂಪ್ಯೂಟರಿನಲ್ಲಿ ದಿನಾಂಕ ಹಿಂದಕ್ಕೆ ಹೋಗಿ ವೆಬ್‌ಸೈಟುಗಳು ತೆರೆಯದಿದ್ದರೆ ಗಾಬರಿ ಬೇಡ. ಮೊದಲು ಹಲಗೆಯ ಮೇಲಿನ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ ಬದಲಾಯಿಸಿ ನೋಡಿ. ಅಷ್ಟಕ್ಕೇ "ಬೋರ್ಡ್ ಹೋಗಿದೆ" ಎಂದು ಹೊಸದು ಮಾರಿದವರನ್ನೂ ನಾವು ನೋಡಿದ್ದೇವೆ.

ಕೊಟೇಶನ್ನಿನಲ್ಲಿ ಇಲ್ಲದ ಲೆಕ್ಕ

ಸಂಘದಲ್ಲಿ ಮೂರು ಕೊಟೇಶನ್ ತರಿಸಿ ಕಡಿಮೆಯದ್ದಕ್ಕೆ ಸಹಿ ಹಾಕುವುದು ಪದ್ಧತಿ. ಪದ್ಧತಿ ತಪ್ಪಲ್ಲ. ಆದರೆ ಕೊಟೇಶನ್ ಕೇಳುವಾಗಲೇ ಚಿಪ್‌ಸೆಟ್ ಯಾವುದು, ವಾರಂಟಿ ಎಷ್ಟು ವರ್ಷ, ಕೆಟ್ಟರೆ ಎಷ್ಟು ದಿನದಲ್ಲಿ ಬದಲಿ ಎಂದು ಬರೆದು ಕೇಳದಿದ್ದರೆ, ಕಡಿಮೆ ಬೆಲೆ ಎಲ್ಲಿಂದ ಬಂತು ಎಂಬುದು ಯಾರಿಗೂ ಕಾಣುವುದಿಲ್ಲ. ಒಂದು ಚೀಲ ಗೊಬ್ಬರದ ದುಡ್ಡಿನಷ್ಟು ಉಳಿತಾಯ ರಿಜಿಸ್ಟರಿನಲ್ಲಿ ಕಾಣುತ್ತದೆ. ಬಸ್ಸು ತಪ್ಪಿಸಿಕೊಂಡು ವಿಮೆ ಕಟ್ಟಲಾಗದೆ ಹೋದವರ ನಷ್ಟಕ್ಕೆ ಆ ರಿಜಿಸ್ಟರಿನಲ್ಲಿ ಕಾಲಮ್ಮೇ ಇಲ್ಲ.

ಅದಕ್ಕೆ ನಮ್ಮದೊಂದು ಸಲಹೆ. ಒಂದು ನೋಟ್‌ಬುಕ್ ಇಡಿ. ಯಾವ ಬೋರ್ಡು, ಯಾವತ್ತು ಕೊಂಡದ್ದು, ಯಾವತ್ತು ಕೆಟ್ಟಿತು, ಎಷ್ಟು ದಿನ ಕೆಲಸ ನಿಂತಿತು, ಅಂಗಡಿಯವರು ಏನು ಕಾರಣ ಹೇಳಿದರು, ಎಲ್ಲ ಬರೆಯಿರಿ. ಟೆಕ್ಸಾಸಿನ ಗಣಿತದವರ ಕಥೆ ನಮ್ಮವರೆಗೆ ಬಂದದ್ದು ಕಾಗದಗಳು ಉಳಿದಿದ್ದರಿಂದ. ನಿಮ್ಮೂರಿನ ಆಫೀಸಿನಲ್ಲಿ ಎಷ್ಟು ಬೋರ್ಡು ಯಾಕೆ ಸುಟ್ಟವು ಎಂಬುದು ಎಲ್ಲೂ ಬರೆದಿಲ್ಲ. ಬರೆದಿಟ್ಟರೆ ಮುಂದಿನ ಸಲ ಸಹಿ ಹಾಕುವ ಮೊದಲು ತಿರುವಿ ನೋಡಲು ಒಂದು ಪುಟವಾದರೂ ಇರುತ್ತದೆ.

ಆ ನಾಲ್ಕು ಉಬ್ಬಿದ ಡಬ್ಬಿಗಳಲ್ಲಿ ಒಂದನ್ನು ರಿಪೇರಿಯ ಹುಡುಗ ಕಿತ್ತು ನಮಗೆ ಕೊಟ್ಟಿದ್ದ. ಈಗಲೂ ನಮ್ಮ ಮೇಜಿನ ಮೇಲಿದೆ. ಅಗ್ಗದ ಸಾಮಾನು ಯಾವುದೆಂದು ಯಾರಾದರೂ ಕೇಳಿದರೆ, ಮೊದಲು ಅದನ್ನು ಅವರ ಅಂಗೈಯಲ್ಲಿ ಇಟ್ಟು ಆಮೇಲೆ ಮಾತು ಶುರು ಮಾಡುತ್ತೇವೆ.